ಆನ್‌ಕಾಲ್ ಡೈರಿ – 6: ಎರಡು ಸಾಲಲ್ಲ, ಮೂರು ಯಾಕೆ?

ಫೋಟೋದಲ್ಲಿರೋ ಮೂರು ಹಸಿರು ಚುಕ್ಕೆ ನೋಡಿದ್ರಾ? ಒಂದೊಂದೂ ಒಂದೊಂದು ಸರ್ವರ್. ಮೂರೂ ಸೇರಿ ಒಂದು ಕ್ಲಸ್ಟರ್. ಒಂದು ಬಿದ್ರೆ ಉಳಿದೆರಡು ಕೆಲಸ ನಡೆಸ್ಬೇಕು, ನಿಮಗೆ ಗೊತ್ತೇ ಆಗ್ಬಾರ್ದು. ಅದನ್ನ ಕಾಯೋದು ನನ್ನ ಕೆಲಸ.

"ಎರಡಿದ್ರೆ ಸಾಲಲ್ವಾ?" ಅಂತ ಕೇಳೋರು ತುಂಬಾ ಜನ. ಎರಡೇ ಇವೆ ಅಂದ್ಕೊಳ್ಳಿ. "ಇದ್ದೀನಿ, ಇದ್ದೀನಿ" ಅಂತ ಒಂದಕ್ಕೊಂದು ಹೇಳ್ತಾನೇ ಇರ್ತವೆ. ಇದೇ ಹಾರ್ಟ್‌ಬೀಟ್. ನಡುವಿನ ಕೇಬಲ್ ಕಡೀತು. ಎರಡೂ ಜೀವಂತ, ಆದ್ರೆ ಒಂದರ ದನಿ ಇನ್ನೊಂದಕ್ಕೆ ಕೇಳ್ತಿಲ್ಲ. "ಅದು ಹೋಯ್ತು, ಇನ್ಮೇಲೆ ನಾನೇ ಯಜಮಾನ" ಅಂತ ಎರಡೂ ಡೇಟಾ ಬರೆಯೋಕೆ ಶುರು ಮಾಡ್ತವೆ. ಒಂದೇ ಅಂಗಡಿಗೆ ಎರಡು ಲೆಕ್ಕದ ಪುಸ್ತಕ! ಇದಕ್ಕೆ ಸ್ಪ್ಲಿಟ್ ಬ್ರೇನ್ ಅಂತಾರೆ. ಕೇಬಲ್ ಜೋಡಿಸೋದು ಸುಲಭ. ಪುಸ್ತಕ ಜೋಡಿಸೋದು ಕಷ್ಟ.

ಮೂರಿದ್ರೆ ಬಹುಮತ ಸಿಗುತ್ತೆ. ಎರಡು ಸೇರಿದ್ರೆ ಕೋರಂ. ಒಂಟಿಯಾದದ್ದು ತಾನು ಗಟ್ಟಿಯಾಗೇ ಇದ್ರೂ ಬರೆಯೋದು ನಿಲ್ಲಿಸ್ಬೇಕು. ನಿಲ್ಲಿಸ್ತು ಅನ್ನೋ ಖಾತ್ರಿ ಇಲ್ಲದಿದ್ರೆ ಅದರ ಕರೆಂಟೇ ತೆಗೆಯೋ ವ್ಯವಸ್ಥೆ ಇರುತ್ತೆ, ಅದೇ ಫೆನ್ಸಿಂಗ್.

ಕೋರಂ ಇದ್ದೂ ಎಡವಟ್ಟಾಗಬಹುದು. 2018ರ ಅಕ್ಟೋಬರ್ 21, ಗಿಟ್‌ಹಬ್. ಅಮೆರಿಕದ ಪೂರ್ವ ಕರಾವಳಿಯ ಅವರ ಮುಖ್ಯ ಡೇಟಾ ಸೆಂಟರ್‌ನ ಸಂಪರ್ಕ ಬರೀ 43 ಸೆಕೆಂಡ್ ಕಡಿದುಹೋಯ್ತು. ಅಷ್ಟರಲ್ಲಿ ಸಾಫ್ಟ್‌ವೇರ್ ಬಹುಮತ ನೋಡಿ ಪಶ್ಚಿಮದ ಡೇಟಾಬೇಸ್‌ಗೆ ಪಟ್ಟ ಕಟ್ಟಿತ್ತು. ಆದ್ರೆ ಪೂರ್ವದಲ್ಲಿ ಕೊನೆಗೆ ಬರೆದ ಕೆಲವು ಸೆಕೆಂಡಿನ ಡೇಟಾ ಪಶ್ಚಿಮಕ್ಕೆ ತಲುಪಿರ್ಲಿಲ್ಲ. ಸೈಟ್ ಬೇಗ ಎಬ್ಬಿಸೋದಕ್ಕಿಂತ ಡೇಟಾ ಉಳಿಸೋದು ಮುಖ್ಯ ಅಂತ ಅವರು ತೀರ್ಮಾನಿಸಿದ್ರು. ಪೂರ್ತಿ ಸರಿಹೋಗೋಕೆ 24 ಗಂಟೆ 11 ನಿಮಿಷ ಹಿಡೀತು.

ಅದಕ್ಕೇ ನಾನು ಬರೀ ಹಸಿರು ಚುಕ್ಕೆ ನಂಬಲ್ಲ. ಒಂದರ ಡೇಟಾ ಇನ್ನೊಂದಕ್ಕೆ ತಲುಪೋಕೆ ಎಷ್ಟು ತಡ ಆಗ್ತಿದೆ ಅಂತ ನೋಡ್ತೀನಿ. ಎಷ್ಟು ವೋಟು ಉಳಿದಿವೆ ಅಂತ ಎಣಿಸ್ತೀನಿ. ಮೂರರಲ್ಲಿ ಒಂದು ಬಿದ್ದಾಗ ನಿಮ್ಮ ಆ್ಯಪ್ ಚೆನ್ನಾಗೇ ಓಡ್ತಿರುತ್ತೆ, ಯಾರೂ ದೂರಲ್ಲ. ಆದ್ರೆ ಸ್ಟೆಪ್ನಿ ಇಲ್ಲದ ಕಾರು ಅದು, ಇನ್ನೊಂದು ಬಿದ್ರೆ ನಿಂತೇ ಹೋಗುತ್ತೆ.

ನಿಂತ ಮೇಲೇ ನಿಜವಾದ ಪರೀಕ್ಷೆ. ರಾತ್ರಿ 3 ಗಂಟೆಗೆ ಫೋನ್ ಮೇಲೆ ಫೋನ್. "ಫೋರ್ಸ್ ಮಾಡಿ ಎಬ್ಬಿಸ್ರೀ!" ಒಂದೇ ಕಮಾಂಡ್, ಎದ್ದುಬಿಡುತ್ತೆ. ಆದ್ರೆ ಇನ್ನೊಂದು ನಿಜವಾಗ್ಲೂ ಸತ್ತಿದೆಯಾ ಅಂತ ಖಾತ್ರಿ ಆಗೋವರೆಗೆ ನಾನು ಆ ಕಮಾಂಡ್ ಕೊಡಲ್ಲ. ಬೈಸ್ಕೊಂಡು ಸುಮ್ನೆ ಕೂತ್ಕೊಳ್ಳೋದೂ ಈ ಕೆಲಸದ ಭಾಗ. ಸೈಟ್ ಒಂದು ಗಂಟೆ ನಿಂತ್ರೆ ನಿಮಗೆ ಸಿಟ್ಟು ಬರುತ್ತೆ, ನಾಳೆಗೆ ಮರೀತೀರಿ. ನಿಮ್ಮ ಖಾತೆ ಒಂದು ಕಡೆ 5,000, ಇನ್ನೊಂದು ಕಡೆ 500 ತೋರಿಸಿದ್ರೆ ಮತ್ತೆ ನಂಬ್ತೀರಾ?

ಹಾಗಾಗಿ ಇನ್ನೊಂದ್ಸಲ "ಸೇವೆ ಲಭ್ಯವಿಲ್ಲ" ಅಂತ ಬಂದಾಗ ಬೈಯ್ರಿ, ಪರ್ವಾಗಿಲ್ಲ. ಅಲ್ಲಿ ಯಾರೋ ನಿಮ್ಮ ಲೆಕ್ಕ ಕೆಡದ ಹಾಗೆ ಕಾಯ್ತಾ ಕೂತಿರಬಹುದು.

ನಿಮ್ಮ ಕೆಲಸದಲ್ಲೂ ಹೀಗೆ ಬೇಕಂತಲೇ ನಿಲ್ಲಿಸಿ ಕಾಯ್ಬೇಕಾದ ಹೊತ್ತು ಬರುತ್ತಾ? ಕಾಮೆಂಟಲ್ಲಿ ಬರೀರಿ. ಭಾಗ 7: ಸುಮ್ಸುಮ್ನೆ ಕೂಗೋ ಅಲರ್ಟ್‌ಗಳು.

#ಆನ್‌ಕಾಲ್‌ಡೈರಿ #ಕನ್ನಡದಲ್ಲಿಟೆಕ್