ಚಿಟ್ಟೆಯಾಗುವಷ್ಟು ಹೊತ್ತು

ಹಿಂದೂಸ್ತಾನಿ ಸಂಗೀತದ ಬಡಾ ಖಯಾಲ್ ಕೇಳಿ ಬೆಳೆದ ಕಿವಿ ನನ್ನದು. ಗಾಯಕ ಷಡ್ಜದಲ್ಲಿ ನೆಲೆನಿಂತು, ಒಂದು ಸ್ವರ ಮುಟ್ಟಿ ಮರಳಿ, ಮತ್ತೊಂದರತ್ತ ಹೊರಳುತ್ತ ರಾಗ ಬೆಳೆಸುವಾಗ ಅವಸರಪಡಬಾರದೆಂದು ಆ ಕಿವಿಗೆ ಯಾರೂ ಹೇಳಬೇಕಿಲ್ಲ. ಅದೇ ನಿಧಾನದ ಸುಖ ನನಗೆ ಕ್ಯಾಲಿಫೋರ್ನಿಯಾದ ಕಾಂಪ್ಟನ್‌ ಊರಿನ ರ‍್ಯಾಪ್ ಗಾಯಕ ಕೆಂಡ್ರಿಕ್ ಲಮಾರ್‌ನ ‘ಟು ಪಿಂಪ್ ಎ ಬಟರ್‌ಫ್ಲೈ’ ಆಲ್ಬಮ್ಮಿನಲ್ಲೂ ಸಿಕ್ಕೀತೆಂದು ಎಣಿಸಿರಲಿಲ್ಲ.

ಹದಿನಾರು ಹಾಡು, ಸುಮಾರು 79 ನಿಮಿಷ. ಮೊದಲ ಹಾಡಿನಲ್ಲೇ ಫಂಕ್ ಸಂಗೀತದ ಹಿರಿಯ ಜಾರ್ಜ್ ಕ್ಲಿಂಟನ್ ದನಿ. ಥಂಡರ್‌ಕ್ಯಾಟ್‌ನ ಬೇಸ್ ಗಿಟಾರ್ ನೆಲದಡಿಯ ನೀರಿನಂತೆ ಹರಿಯುತ್ತದೆ. ಒಂದೆಡೆ ರಾಬರ್ಟ್ ಗ್ಲಾಸ್ಪರ್‌ನ ಪಿಯಾನೊ ಜಾಝ್‌ನ ನಾಗಾಲೋಟಕ್ಕೆ ಬಿದ್ದರೆ ಕೆಂಡ್ರಿಕ್‌ನ ಮಾತೂ ಜೊತೆಗೇ ಓಡುತ್ತದೆ. ಇನ್ನೊಂದೆಡೆ, ಹೋಟೆಲ್ ಕೋಣೆಯೊಳಗೆ ಕುಡಿದು, ತನ್ನನ್ನು ತಾನೇ ಹಳಿದುಕೊಂಡು ಅಳುವ ದನಿ. ಹೊರಗೆ ಬಾಗಿಲು ತಟ್ಟುವ ಸದ್ದು. ಇವೆಲ್ಲದರ ನಡುವೆ ಒಂದು ಕವಿತೆ. ಹಾಡಿನ ಕೊನೆಗೆ ಅದರ ಕೆಲವು ಸಾಲು ಕೇಳಿಸಿ ನಿಲ್ಲುತ್ತದೆ. ಮುಂದೆ ಮತ್ತೆ ಮೊದಲಿನಿಂದ ಹೊರಟು ಇನ್ನಷ್ಟು ದೂರ ಸಾಗುತ್ತದೆ. ನಮ್ಮ ಆಲಾಪವೂ ಬೆಳೆಯುವುದು ಹೀಗೆಯೇ ಅಲ್ಲವೇ?

2015ರ ಮಾರ್ಚ್‌ನಲ್ಲಿ, ಹೇಳಿದ ದಿನಕ್ಕಿಂತ ಒಂದು ವಾರ ಮೊದಲೇ ಆಲ್ಬಮ್ ಹೊರಬಿತ್ತು. ವಿಮರ್ಶಕರು ಲಗುಬಗೆಯಲ್ಲಿ ಬರೆಯಬೇಕಾಯಿತು. ಆದರೂ ಮನಸಾರೆ ಮೆಚ್ಚಿದರು: ವಿಮರ್ಶೆಗಳ ಸರಾಸರಿ ತೆಗೆಯುವ ಮೆಟಾಕ್ರಿಟಿಕ್‌ನಲ್ಲಿ 100ಕ್ಕೆ 96 ಅಂಕ. 2016ರ ಗ್ರ್ಯಾಮಿಯಲ್ಲಿ ಅತ್ಯುತ್ತಮ ರ‍್ಯಾಪ್ ಆಲ್ಬಮ್ ಎನಿಸಿತು. ವರ್ಷದ ಆಲ್ಬಮ್ ಪ್ರಶಸ್ತಿ ಮಾತ್ರ ಟೇಲರ್ ಸ್ವಿಫ್ಟ್‌ಳ ‘1989’ಕ್ಕೆ ಹೋಯಿತು.

ನನ್ನ ಮನಸ್ಸು ತಂಗುವುದು ಈ ಅಂಕಗಳಲ್ಲಲ್ಲ. 2015ರ ಜುಲೈನಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಕಪ್ಪು ಜನರ ಹೋರಾಟದ ಸಮಾವೇಶ ಮುಗಿಸಿ ಹೊರಟವರು ಪೊಲೀಸರನ್ನು ಎದುರಿಸಿದಾಗ ಇದೇ ಆಲ್ಬಮ್ಮಿನ ‘ಆಲ್‌ರೈಟ್’ ಹಾಡಿನ ಪಲ್ಲವಿಯನ್ನು ಒಕ್ಕೊರಲಿನಿಂದ ಕೂಗಿದರು. ಅತ್ತ ರಾಕ್ ಗಾಯಕ ಡೇವಿಡ್ ಬೋವಿ ತನ್ನ ಕೊನೆಯ ಆಲ್ಬಮ್ ‘ಬ್ಲ್ಯಾಕ್‌ಸ್ಟಾರ್’ ಮಾಡುತ್ತಿದ್ದಾಗ ತಾವು ಕೆಂಡ್ರಿಕ್‌ನನ್ನು ಬಹಳ ಕೇಳುತ್ತಿದ್ದೆವೆಂದು ಅದರ ನಿರ್ಮಾಪಕ ಟೋನಿ ವಿಸ್ಕಾಂಟಿ ಹೇಳಿದ್ದಾನೆ. ಬೀದಿಯಲ್ಲಿ ನಿಂತವರಿಗೆ ಎದೆಗಾರಿಕೆಯಾಗಿ, ಸಾವಿನ ಹೊಸ್ತಿಲಲ್ಲಿದ್ದ ಕಲಾವಿದನಿಗೆ ಹೊಸ ಹಾದಿಯಾಗಿ ಒದಗಿದ್ದನ್ನು ಯಾವ ಅಂಕ ಅಳೆದೀತು?

ಆಲ್ಬಮ್ಮಿನ ಕೊನೆಗೆ ಕವಿತೆ ಪೂರ್ತಿಯಾಗುತ್ತದೆ. ಆಗಲೇ ತಿಳಿಯುವುದು, ಕೆಂಡ್ರಿಕ್ ಇಷ್ಟು ಹೊತ್ತು ಓದುತ್ತಿದ್ದುದು 1996ರಲ್ಲೇ ತೀರಿಹೋದ ರ‍್ಯಾಪ್ ಗಾಯಕ ಟುಪಾಕ್ ಶಕೂರ್‌ಗೆ ಎಂದು. 1994ರ ಸಂದರ್ಶನವೊಂದರ ದನಿಯನ್ನು ಜೋಡಿಸಿ ಇಬ್ಬರನ್ನೂ ಮಾತಿಗೆ ಕೂರಿಸಲಾಗಿದೆ. ಆಮೇಲೆ ಕೆಂಡ್ರಿಕ್ ಕಂಬಳಿಹುಳು ಮತ್ತು ಚಿಟ್ಟೆಯ ಬಗ್ಗೆ ಸ್ನೇಹಿತನೊಬ್ಬ ಬರೆದದ್ದನ್ನು ಓದಿ, ನಿಮಗೇನನಿಸುತ್ತದೆ ಎಂದು ಹಿರಿಯನನ್ನು ಕೇಳುತ್ತಾನೆ. ಉತ್ತರ ಬರುವುದಿಲ್ಲ. ಹೆಸರು ಹಿಡಿದು ಕರೆಯುತ್ತಾನೆ. ಮೌನ.

ಬರೆದದ್ದನ್ನು ಓದಿ ಅಭಿಪ್ರಾಯ ಕೇಳುವ ಎಳೆಯನ ಆ ಹಂಬಲ ನನ್ನ ಕರುಳು ಹಿಡಿಯುತ್ತದೆ. ಟುಪಾಕ್ ಹೇಳದೆ ಉಳಿಸಿದ ಮಾತಿನ ಜಾಗ ಈಗ ಕೇಳುಗನದು. ಅಲ್ಲಿ ಇಡಬಹುದಾದ ಮಾತು ನನಗಿನ್ನೂ ಸಿಕ್ಕಿಲ್ಲ. ಅದಕ್ಕೇ ಮತ್ತೆ ಮೊದಲ ಹಾಡಿನಿಂದ ಕೇಳಲು ಕೂರುತ್ತೇನೆ.