ಅಮ್ಮ, ಆಂಟೆನಾ ಮತ್ತು ಸೀಗ್ರೋವ್ ಮಡಕೆ

ನಾರ್ತ್ ಕೆರೊಲಿನಾದ ಕ್ಯಾರಿಗೆ ಬಂದ ಮೂರೇ ವಾರಕ್ಕೆ ಅಮ್ಮ, "ವಾಪಸ್ ಟಿಕೆಟ್ ಸ್ವಲ್ಪ ಬೇಗ ಮಾಡ್ಸೋಕಾಗುತ್ತೇನೋ?" ಅಂದ್ರು. ಅಪ್ಪ ಹೋದ ಮೇಲೆ ತುಮಕೂರಿನ ಮನೇಲಿ ಒಬ್ಬರೇ ಇದ್ದಾರಲ್ಲ ಅಂತ ಆರು ತಿಂಗಳಿಗೆ ಕರೆಸಿಕೊಂಡಿದ್ದೆ. ಆದರೆ ನಾನು ಲ್ಯಾಪ್‌ಟಾಪ್ ಮುಂದೆ ಕೂತರೆ ಏಳೋದು ಸಂಜೆಗೆ. ಅವರಿಗೆ ಕಾರು ಬರಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೆ. ಅಲ್ಲೂ ಒಬ್ಬರೇ, ಇಲ್ಲೂ ಒಬ್ಬರೇ.

ಕೇಬಲ್ ಇರಲಿಲ್ಲ. ಒಂದು ಅಗ್ಗದ ಆಂಟೆನಾ ತಂದು ಕಿಟಕಿಗೆ ಅಂಟಿಸಿದೆ. ಅದರಲ್ಲಿ ಸಿಕ್ಕಿದ್ದು ಪಿಬಿಎಸ್ ನಾರ್ತ್ ಕೆರೊಲಿನಾ. 1955ರಲ್ಲಿ ಇಲ್ಲಿನ ವಿಶ್ವವಿದ್ಯಾಲಯ ಶುರು ಮಾಡಿದ ಚಾನೆಲ್, ಈಗ 12 ಟ್ರಾನ್ಸ್‌ಮಿಟರ್‌ಗಳಿಂದ ರಾಜ್ಯಕ್ಕೆಲ್ಲ ತಲುಪುತ್ತೆ. ಅದರ ಕಚೇರಿ ಇರೋದು ರಿಸರ್ಚ್ ಟ್ರಯಾಂಗಲ್ ಪಾರ್ಕ್‌ನಲ್ಲೇ. ಎಷ್ಟೋ ಸಲ ಅದರ ಮುಂದೆ ಹಾದು ಹೋಗಿದ್ದೀನಿ, ಒಂದು ದಿನವೂ ನೋಡಿರಲಿಲ್ಲ.

ಅಮ್ಮ ಅಂಟಿಕೊಂಡಿದ್ದು 'ನಾರ್ತ್ ಕೆರೊಲಿನಾ ವೀಕೆಂಡ್' ಅನ್ನೋ ಕಾರ್ಯಕ್ರಮಕ್ಕೆ. ವಾರಕ್ಕೊಂದು ಸಲ ರಾಜ್ಯದ ಊರು, ಅಂಗಡಿ, ಬೆಟ್ಟ, ಕಡಲತೀರ ತೋರಿಸ್ತಾರೆ. ಹಂದಿ ಬಾರ್ಬೆಕ್ಯೂಗೆ ಬರೀ ವಿನೆಗರ್ ಹಾಕಬೇಕು ಅಂತ ಪೂರ್ವದವರು, ಸ್ವಲ್ಪ ಟೊಮೆಟೊನೂ ಬೇಕು ಅಂತ ಲೆಕ್ಸಿಂಗ್ಟನ್‌ನವರು. ನಮ್ಮಮ್ಮ ಶುದ್ಧ ಸಸ್ಯಾಹಾರಿ, ಆದರೂ ಜಗಳದಲ್ಲಿ ಪೂರ್ವದವರ ಪಾರ್ಟಿ! "ಯಾರೂ ಕಿರುಚಲ್ಲ ಕಣೋ, ನಮ್ಮ ಚಂದನ ಇದ್ದಂಗಿದೆ" ಅಂದ್ರು. ಮನೇಲಿ 'ಥಟ್ ಅಂತ ಹೇಳಿ' ತಪ್ಪಿಸದವರು ಅವರು.

ಒಂದು ವಾರ ಸೀಗ್ರೋವ್ ತೋರಿಸಿದ್ರು. ಮಡಕೆ ಮಾಡೋರ ಊರು. ಅಮ್ಮ ಸೋಫಾದ ಅಂಚಿಗೆ ಬಂದು ಕೂತು, "ಇದು ಎಷ್ಟು ದೂರ?" ಅಂದ್ರು. ಬಂದಾಗಿನಿಂದ ಅವರಾಗಿ ಕೇಳಿದ ಮೊದಲ ಜಾಗ.

ಶನಿವಾರ ಹೊರಟ್ವಿ. ಒಂದೂಕಾಲು ಗಂಟೆ ದಾರಿ. ರಸ್ತೆ ಬದಿ ಕಡಿದ ದಿಬ್ಬ ನೋಡಿ ಅಮ್ಮ ಗಾಜು ಇಳಿಸಿದ್ರು. ಥೇಟ್ ನಮ್ಮ ಕೆಮ್ಮಣ್ಣು. ಈ ಜೇಡಿಗಾಗಿಯೇ ಹದಿನೆಂಟನೇ ಶತಮಾನದಿಂದ ಇಲ್ಲಿ ಕುಂಬಾರರು ನೆಲೆ ನಿಂತಿದ್ದಾರೆ. 705ನೇ ರಾಜ್ಯ ಹೆದ್ದಾರಿಗೆ ಪಾಟರಿ ಹೈವೇ ಅಂತಲೇ ಹೆಸರು. ಎರಡೂ ಬದಿಗೆ ಮನೆ, ಮನೆ ಹಿಂದೆ ಗೂಡು.

ಒಂದು ಕಡೆ ಉಪ್ಪಿನ ಹೊಳಪಿನ ಮಡಕೆ ಇಟ್ಟಿದ್ದರು. ಬೆಂಕಿ ಉರಿ ಏರಿದಾಗ ಗೂಡಿನೊಳಗೆ ಉಪ್ಪು ಎರಚ್ತಾರೆ. ಆವಿಯಾದ ಸೋಡಿಯಂ ಜೇಡಿಯ ಸಿಲಿಕಾ ಜೊತೆ ಸೇರಿ ಗಾಜಿನ ಪದರ ಆಗುತ್ತೆ. ಮೈಯೆಲ್ಲ ಕಿತ್ತಳೆ ಸಿಪ್ಪೆ ಹಾಗೆ ಸಣ್ಣ ಸಣ್ಣ ಗುಳಿ. ನಾನು ಇದನ್ನೆಲ್ಲ ಅಮ್ಮನಿಗೆ ವಿವರಿಸ್ತಾ ಇದ್ರೆ, ಅವರು ಸೀದಾ ಹೋಗಿ ಒಂದು ಮಡಕೆ ಎತ್ತಿ, ಕಿವಿ ಹತ್ತಿರ ಹಿಡಿದು, ಬೆರಳ ಗೆಣ್ಣಿಂದ ಟಣ್ ಅಂತ ಬಾರಿಸಿದ್ರು. ಸಂತೇಲಿ ಮಾಡೋ ಹಾಗೇ. ನನಗೆ ನಾಚಿಕೆ ಆಯ್ತು. ಆದರೆ ಕುಂಬಾರ ಮುದುಕ ನಕ್ಕು, ಇನ್ನೊಂದು ಎತ್ತಿ ತಾನೂ ಬಾರಿಸಿ ತೋರಿಸಿದ. ಆಮೇಲೆ ಅರ್ಧ ಗಂಟೆ ಇಬ್ಬರೂ ಟಣ್ ಟಣ್. ನನಗೇನೂ ಕೆಲಸವೇ ಇರಲಿಲ್ಲ.

ಟಿಕೆಟ್ ಮಾತು ಮತ್ತೆ ಬರಲಿಲ್ಲ. ಆರು ತಿಂಗಳು ಮುಗಿಸಿ, ಮಡಕೆಯನ್ನ ಸೀರೇಲಿ ಸುತ್ತಿ ಕೈಚೀಲದಲ್ಲೇ ಒಯ್ದರು.

2025ರ ಜುಲೈನಲ್ಲಿ ಅಮೆರಿಕದ ಕಾಂಗ್ರೆಸ್ ಸಾರ್ವಜನಿಕ ಪ್ರಸಾರಕ್ಕೆ ಎತ್ತಿಟ್ಟಿದ್ದ ಎರಡು ವರ್ಷದ 110 ಕೋಟಿ ಡಾಲರ್ ವಾಪಸ್ ತಗೊಂಡಿತು. ಅವತ್ತೇ ತಿಂಗಳಿಗೆ ಐದು ಡಾಲರ್ ಚಂದಾ ಹಾಕಿದೆ, ಒಂದು ಕಾಫಿ ದುಡ್ಡು. ಅಮ್ಮನಿಗೆ ಹೇಳಿಲ್ಲ. ಅವರು ಪ್ರತಿ ವಾರ ಫೋನ್ ಮಾಡಿದಾಗ ಮೊದಲು ಕೇಳೋದು ಒಂದೇ: "ಈ ವಾರ ಯಾವ ಊರು ತೋರ್ಸಿದ್ರು?"