ಮೈಕ್ ಮಾಡಿದ ತಪ್ಪೇನು?

2014ರ ಅಕ್ಟೋಬರ್, ಒಂದು ಶನಿವಾರ. ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಒಂದು ಹಳೇ ಮನೆಯ ಮುಂದೆ ಕ್ಲಿಪ್‌ಬೋರ್ಡ್ ಹಿಡ್ಕೊಂಡು ನಿಂತಿದ್ದೆ. ಅಷ್ಟು ಹೊತ್ತಿಗೆ ಮೂವತ್ತು ಮನೆಯ ಬೆಲ್ ಒತ್ತಿ ಆಗಿತ್ತು. ಅದರಲ್ಲಿ ಬಾಗಿಲು ತೆಗೆದವರು ಒಂಬತ್ತೋ ಹತ್ತೋ. ನಾಯಿ ಬೊಗಳಿದ್ದು ಮಾತ್ರ ಎಲ್ಲ ಕಡೆ.

ಇಲ್ಲಿ ಬಾಗಿಲು ತೆಗೆದವರು ಎಂಬತ್ತರ ಆಸುಪಾಸಿನ ಅಜ್ಜಿ. ಜಪಾನಿ ಮೂಲದವರು. ನಾನು ಬಾಯಿಪಾಠ ಮಾಡ್ಕೊಂಡಿದ್ದ ಸಾಲು ಹೇಳಿದೆ: ನಾನು ರೋ ಖನ್ನಾ ಪ್ರಚಾರದ ಸ್ವಯಂಸೇವಕ, ನವೆಂಬರ್ 4ಕ್ಕೆ ಅವರಿಗೆ ನಿಮ್ಮ ಮತ ಸಿಗುತ್ತಾ ಅಂತ. ಅಜ್ಜಿ ಪೂರ್ತಿ ಕೇಳಿಸ್ಕೊಂಡರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು: "ಮೈಕ್ ಮಾಡಿದ ತಪ್ಪೇನು?"

ನಾನು ಏನೇನೋ ಹೇಳಿದೆ. ಹೊಸ ಶಕ್ತಿ, ಹೊಸ ಆಲೋಚನೆ, ಟೆಕ್ನಾಲಜಿ, ಉದ್ಯೋಗ. ನನ್ನ ಕಿವಿಗೇ ಅದು ಪವರ್‌ಪಾಯಿಂಟ್ ಓದಿದ ಹಾಗೆ ಕೇಳಿಸ್ತು.

"ನಿನಗೆ ಇಲ್ಲಿ ಓಟು ಇದೆಯಾ?"

"ಇಲ್ಲ."

"ಹಾಗಾದ್ರೆ ಈ ಬಿಸಿಲಲ್ಲಿ ಯಾಕೆ ಅಲೀತಿದ್ದೀಯ?"

ಅದಕ್ಕೆ ನನ್ನ ಹತ್ರ ಒಂದು ಪ್ರಾಮಾಣಿಕ ಉತ್ತರ ಇತ್ತು. ಹೇಳಲಿಲ್ಲ. ನಕ್ಕು, ಥ್ಯಾಂಕ್ಸ್ ಹೇಳಿ, ಗೇಟು ದಾಟಿ ಬಂದು ಅವರ ಹೆಸರಿನ ಮುಂದೆ 5 ಅಂತ ಬರೆದೆ. ನಮ್ಮ ಪಟ್ಟಿಯಲ್ಲಿ 1 ಅಂದ್ರೆ ಪಕ್ಕಾ ನಮಗೆ, 5 ಅಂದ್ರೆ ಪಕ್ಕಾ ಎದುರಾಳಿಗೆ.

ಮೊದಲು ಹಿನ್ನೆಲೆ ಹೇಳಿಬಿಡ್ತೀನಿ. ಫ್ರೀಮಾಂಟ್‌ನ ಒಂದಷ್ಟು ಭಾಗ, ಮಿಲ್ಪಿಟಾಸ್, ಸಾಂಟಾ ಕ್ಲಾರಾ, ಸನ್ನಿವೇಲ್, ಕ್ಯುಪರ್ಟಿನೋ ಇವೆಲ್ಲ ಸೇರಿ ಆಗ ಕ್ಯಾಲಿಫೋರ್ನಿಯಾದ 17ನೇ ಕಾಂಗ್ರೆಷನಲ್ ಕ್ಷೇತ್ರ. ಹವಾಯಿಯನ್ನು ಬಿಟ್ಟರೆ ಏಷ್ಯಾ ಮೂಲದವರೇ ಬಹುಸಂಖ್ಯಾತರಾಗಿದ್ದ ಮೊದಲ ಕ್ಷೇತ್ರ ಇದು. ನಮ್ಮ ಕನ್ನಡದವರೂ ಇಲ್ಲಿ ಕಮ್ಮಿಯೇನಿಲ್ಲ. ವಾರಾಂತ್ಯದಲ್ಲಿ ಎಲ್ ಕಮೀನೋ ರಸ್ತೆಯ ದೋಸೆ ಹೋಟೆಲ್‌ಗೆ ಹೋದರೆ ಪಕ್ಕದ ಟೇಬಲ್‌ನಲ್ಲಿ "ಚಟ್ನಿ ಸ್ವಲ್ಪ ಹಾಕ್ಸಪ್ಪಾ" ಅನ್ನೋದು ಕೇಳಿಸುತ್ತೆ. ಇಲ್ಲಿನ ಸಂಸದ ಮೈಕ್ ಹೋಂಡಾ. 2000ದಲ್ಲಿ ಮೊದಲ ಬಾರಿ ಗೆದ್ದವರು, ಆಮೇಲೆ ಸೋತಿದ್ದೇ ಇಲ್ಲ. ಅವರ ಎದುರು ನಿಂತವರು 38 ವಯಸ್ಸಿನ ವಕೀಲ ರೋ ಖನ್ನಾ. ಒಬಾಮಾ ಸರ್ಕಾರದ ವಾಣಿಜ್ಯ ಇಲಾಖೆಯಲ್ಲಿ ಕೆಲಸ ಮಾಡಿದ್ದವರು. ಚುನಾವಣೆಯಲ್ಲಿ ಒಂದು ಸಲವೂ ಗೆದ್ದವರಲ್ಲ.

ಇಬ್ಬರೂ ಡೆಮಾಕ್ರಟ್ ಪಕ್ಷದವರೇ. ಅದು ಹೇಗೆ ಅಂತ ಕೇಳಬಹುದು. ಕ್ಯಾಲಿಫೋರ್ನಿಯಾದಲ್ಲಿ 2012ರಿಂದ ಜೂನ್ ತಿಂಗಳ ಪ್ರೈಮರಿಗೆ ಎಲ್ಲ ಪಕ್ಷದವರೂ ಒಂದೇ ಮತಪತ್ರದಲ್ಲಿ ನಿಲ್ಲಬೇಕು. ಮೊದಲ ಎರಡು ಸ್ಥಾನ ಬಂದವರು, ಅವರು ಯಾವ ಪಕ್ಷದವರೇ ಆಗಿರಲಿ, ನವೆಂಬರ್‌ಗೆ ಹೋಗ್ತಾರೆ. ಹಳೇ ಹುಲಿಗಳಿಗೆ ಇದು ದೊಡ್ಡ ತಲೆನೋವು. ನೆರೆಯ ಕ್ಷೇತ್ರದಲ್ಲಿ ನಲವತ್ತು ವರ್ಷದಿಂದ ಕೂತಿದ್ದ ಪೀಟ್ ಸ್ಟಾರ್ಕ್ ಅವರನ್ನು 2012ರಲ್ಲಿ ಎರಿಕ್ ಸ್ವಾಲ್ವೆಲ್ ಅನ್ನೋ ಮೂವತ್ತೊಂದರ ಹುಡುಗ, ಸ್ವಂತ ಪಕ್ಷದವನೇ, ಮನೆಗೆ ಕಳಿಸಿದ್ದ. ಅಲ್ಲಿ ಆಗಿದ್ದು ಇಲ್ಲಿ ಯಾಕಾಗಬಾರದು ಅನ್ನೋದು ನಮ್ಮ ಲೆಕ್ಕ.

ಜೂನ್‌ನಲ್ಲಿ ಹೋಂಡಾಗೆ ಶೇ. 48, ಖನ್ನಾಗೆ ಶೇ. 28 ಬಂದಿತ್ತು. ಇಪ್ಪತ್ತು ಪಾಯಿಂಟ್ ಅಂತರ. ಅದನ್ನ ಮುಚ್ಚೋದಕ್ಕೆ ದುಡ್ಡು ಬೇಕು, ಕಾಲು ಬೇಕು. ದುಡ್ಡಿಗೆ ಸಿಲಿಕಾನ್ ವ್ಯಾಲಿಯ ದೊಡ್ಡವರಿದ್ದರು, ಗೂಗಲ್‌ನ ಎರಿಕ್ ಸ್ಮಿತ್, ಯಾಹೂವಿನ ಮರಿಸ್ಸಾ ಮೇಯರ್ ಅಂಥವರು. ಕಾಲಿಗೆ ನಮ್ಮಂಥವರು. ನೋಡಿ, ಇಲ್ಲಿನ ಕಾನೂನು ಎಷ್ಟು ಚೆನ್ನಾಗಿದೆ ಅಂದ್ರೆ ಎಚ್1ಬಿ ವೀಸಾದಲ್ಲಿರೋನು ಒಬ್ಬ ಅಭ್ಯರ್ಥಿಗೆ ಒಂದು ಡಾಲರ್ ಚಂದಾ ಕೊಟ್ಟರೂ ಅಪರಾಧ. ಆದರೆ ಶನಿವಾರ ಪೂರ್ತಿ ಬಿಟ್ಟಿ ದುಡಿಯಬಹುದು, ಅಭ್ಯಂತರ ಇಲ್ಲ.

ಅವತ್ತು ರಾತ್ರಿ ಮನೆಗೆ ಬಂದು, ಅನ್ನ ಸಾರು ತಿಂದು, ಅಜ್ಜಿಯ ಪ್ರಶ್ನೆಗೆ ಉತ್ತರ ಹುಡುಕ್ತಾ ಕೂತೆ. ನಾಚಿಕೆ ವಿಷಯ ಏನಂದ್ರೆ, ಎರಡು ತಿಂಗಳಿಂದ ಹೋಂಡಾ ವಿರುದ್ಧ ಓಟು ಕೇಳ್ತಿದ್ದೋನು ನಾನು, ಹೋಂಡಾ ಯಾರು ಅಂತ ಓದಿದ್ದು ಅವತ್ತೇ.

ಹುಟ್ಟಿದ್ದು 1941ರಲ್ಲಿ, ಇದೇ ಕ್ಯಾಲಿಫೋರ್ನಿಯಾದಲ್ಲಿ. ಆ ಡಿಸೆಂಬರ್‌ನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡ್ತು. ಮುಂದಿನ ಫೆಬ್ರವರಿಯಲ್ಲಿ ರೂಸ್‌ವೆಲ್ಟ್ ಸಹಿ ಹಾಕಿದ ಒಂದು ಆದೇಶದಿಂದ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನಿ ಮೂಲದವರನ್ನ ಮನೆ, ಅಂಗಡಿ, ಹೊಲ ಬಿಡಿಸಿ ಮುಳ್ಳುತಂತಿ ಹಿಂದೆ ಇಟ್ಟರು. ಅವರಲ್ಲಿ ಬಹುಪಾಲು ಜನ ಅಮೆರಿಕದ ಪ್ರಜೆಗಳೇ. ಕೂಸು ಮೈಕ್ ಇದ್ದದ್ದು ಕೊಲರಾಡೋದ ಅಮಾಚಿ ಅನ್ನೋ ಕ್ಯಾಂಪ್‌ನಲ್ಲಿ. ಆಮೇಲೆ ಕುಟುಂಬ ಸ್ಯಾನ್ ಹೋಸೆಗೆ ಬಂದು ಬೇರೆಯವರ ಜಮೀನಲ್ಲಿ ಪಾಲಿಗೆ ಸ್ಟ್ರಾಬೆರಿ ಬೆಳೀತು. ಹುಡುಗ ಓದಿದ, ಪೀಸ್ ಕೋರ್ ಸೇರಿ ಎಲ್ ಸಾಲ್ವಡಾರ್‌ಗೆ ಹೋಗಿ ಬಂದ, ವಿಜ್ಞಾನದ ಮೇಷ್ಟ್ರಾದ, ಹೆಡ್‌ಮಾಸ್ಟರ್ ಆದ. ಶಾಲಾ ಮಂಡಳಿ, ಕೌಂಟಿ, ರಾಜ್ಯ ವಿಧಾನಸಭೆ ಅಂತ ಒಂದೊಂದೇ ಮೆಟ್ಟಿಲು ಹತ್ತಿ ವಾಷಿಂಗ್ಟನ್ ಮುಟ್ಟಿದ.

2001ರ ಸೆಪ್ಟೆಂಬರ್ 11ರ ನಂತರ ಪೇಟ ಕಟ್ಟಿದ ಸಿಖ್ಖರನ್ನೂ ಮುಸ್ಲಿಮರನ್ನೂ ಜನ ಬೀದಿಯಲ್ಲಿ ಅಟ್ಟಾಡಿಸ್ತಿದ್ದಾಗ, ನಮಗಾದದ್ದು ಇವರಿಗಾಗಬಾರದು ಅಂತ ಎದ್ದು ನಿಂತವರಲ್ಲಿ ಇವರೂ ಒಬ್ಬರು. ಅಂದ್ರೆ ನನ್ನ ಬಣ್ಣದವರ ಪರವಾಗಿ. ಇದನ್ನ ಓದಿದಾಗ ಸಾರು ಗಂಟಲಲ್ಲೇ ನಿಂತ ಹಾಗಾಯ್ತು.

ಆದರೆ ನನ್ನ ನಿದ್ದೆ ಕೆಡಿಸಿದ್ದು ಇನ್ನೊಂದು ಸಂಗತಿ. ಎರಡನೇ ಮಹಾಯುದ್ಧದಲ್ಲಿ ಜಪಾನಿನ ಸೈನ್ಯ ಕೊರಿಯಾ, ಚೀನಾ, ಫಿಲಿಪೀನ್ಸ್‌ನ ಹೆಣ್ಣುಮಕ್ಕಳನ್ನ ಹಿಡಿದಿಟ್ಟು ಲೈಂಗಿಕ ಗುಲಾಮರನ್ನಾಗಿ ಮಾಡಿತ್ತು. 'ಕಂಫರ್ಟ್ ವಿಮೆನ್' ಅನ್ನೋ ಅಸಹ್ಯದ ಹೆಸರು ಅವರಿಗೆ. ಇದಕ್ಕೆ ಜಪಾನ್ ಸರ್ಕಾರ ಸ್ಪಷ್ಟವಾಗಿ ಕ್ಷಮೆ ಕೇಳಬೇಕು ಅಂತ 2007ರಲ್ಲಿ ಅಮೆರಿಕದ ಕೆಳಮನೆಯಲ್ಲಿ ನಿರ್ಣಯ ಪಾಸಾಯ್ತು. ಮಂಡಿಸಿದವರು ಹೋಂಡಾ. ತನ್ನ ಹಿರಿಯರ ದೇಶದ ವಿರುದ್ಧ, ಅದೂ ತನ್ನ ಜನ ಅನ್ನೋ ಒಂದೇ ಕಾರಣಕ್ಕೆ ಬಾಲ್ಯದಲ್ಲಿ ಕ್ಯಾಂಪ್ ಕಂಡ ಮನುಷ್ಯ.

ಈಗ ಅಜ್ಜಿಗೆ ನಾನು ಹೇಳದೇ ಬಿಟ್ಟ ಉತ್ತರ. ಯಾಕೆ ಅಲೀತಿದ್ದೆ? ಖನ್ನಾ ಅನ್ನೋ ಹೆಸರಿಗೆ. ಅಷ್ಟೇ.

ಒಂದೂವರೆ ವರ್ಷ ಹಿಂದೆ, 2013ರ ಮೇನಲ್ಲಿ ನಮ್ಮ ವಿಧಾನಸಭಾ ಚುನಾವಣೆ ಆದಾಗ, ತಿಪಟೂರಿನಲ್ಲಿರೋ ಅಪ್ಪನ ಜೊತೆ ಫೋನಲ್ಲಿ ಜಗಳ ಆಡಿದ್ದೆ. ಯಾರಿಗೆ ಹಾಕಿದ್ರಿ ಅಂದೆ. ಹೇಳಿದರು. ಅವನು ಏನು ಮಾಡಿದಾನೆ ಅಂತ ಹಾಕಿದ್ರಿ ಅಂದೆ. "ನಮ್ಮೋನು ಕಣೋ" ಅಂದರು. ನಾನು ಹತ್ತು ನಿಮಿಷ ಭಾಷಣ ಮಾಡಿದೆ. ಜಾತಿ ನೋಡಿ ಓಟು ಹಾಕೋದ್ರಿಂದಲೇ ಊರು ಉದ್ಧಾರ ಆಗ್ತಿಲ್ಲ, ಅಮೆರಿಕದಲ್ಲಿ ಜನ ಕೆಲಸ ನೋಡಿ ಹಾಕ್ತಾರೆ, ಹಾಗೆ ಹೀಗೆ. ಅಪ್ಪ ಸುಮ್ಮನೆ ಕೇಳಿ, "ಊಟ ಆಯ್ತಾ?" ಅಂದಿದ್ದರು.

ಆ ಭಾನುವಾರ ಬೆಳಿಗ್ಗೆ ಅಪ್ಪನಿಗೆ ಫೋನ್ ಮಾಡಿ ಪ್ರಚಾರದ ಕಥೆ ಹೇಳಿದೆ. ಖನ್ನಾ ಅವರ ತಾತ ಅಮರನಾಥ ವಿದ್ಯಾಲಂಕಾರ್ ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋದವರು, ಲೋಕಸಭೆಯಲ್ಲಿದ್ದವರು ಅಂತೆಲ್ಲ ಸೇರಿಸಿ.

"ಯಾವ ಕಡೆಯೋರು?"

"ಪಂಜಾಬಿಗಳು. ಅವರು ಹುಟ್ಟಿದ್ದು ಫಿಲಡೆಲ್ಫಿಯಾದಲ್ಲಿ."

"ಪಂಜಾಬಿ, ಅದೂ ಅಲ್ಲೇ ಹುಟ್ಟಿದೋನು. ನಿಂಗೇನಾಗ್ಬೇಕು?"

"ಹಂಗಲ್ಲ ಅಪ್ಪ, ಒಂಥರಾ ನಮ್ಮೋನು..."

ಬಾಯಿಂದ ಬಂದುಬಿಡ್ತು. ಆ ಕಡೆ ಒಂದು ಕ್ಷಣ ಮೌನ. ಆಮೇಲೆ ಅಪ್ಪ ನಕ್ಕ ನಗು ಇದೆಯಲ್ಲ, ಬಿಡಿ, ಅಮ್ಮ ಅಡುಗೆಮನೆಯಿಂದ ಏನಾಯ್ತು ಅಂತ ಓಡಿ ಬಂದರು.

ಮುಂದಿನ ಎರಡು ಶನಿವಾರ ನಾನು ಪ್ರಚಾರಕ್ಕೆ ಹೋಗಲಿಲ್ಲ. ಆಫೀಸ್ ಕೆಲಸ ಅಂತ ಸುಳ್ಳು ಮೆಸೇಜ್ ಹಾಕಿದೆ. ಹೋಂಡಾ ಪರ ಆದೆ ಅಂತಲ್ಲ. ಆ ಪ್ರಶ್ನೆಗೆ ಉತ್ತರ ಇಲ್ಲದೆ ಇನ್ನೊಂದು ಬೆಲ್ ಒತ್ತೋಕೆ ಕೈ ಬರಲಿಲ್ಲ. ಖನ್ನಾ ಆ ಸಲ ಶೇ. 48ರ ಸುಮಾರಿಗೆ ಬಂದು ಸೋತರು. ಇಪ್ಪತ್ತು ಪಾಯಿಂಟ್ ಅಂತರ ನಾಲ್ಕಕ್ಕಿಂತ ಕಮ್ಮಿಗೆ ಇಳಿದಿತ್ತು. ನಾನು ನಡೀದೇ ಇದ್ದ ಎರಡು ಶನಿವಾರಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ, ಗೊತ್ತು. ಆದ್ರೂ ಫಲಿತಾಂಶ ನೋಡುವಾಗ ಹೊಟ್ಟೆಯಲ್ಲಿ ಒಂದು ಥರ ಆಯ್ತು.

ಆಮೇಲೆ ನಿಧಾನಕ್ಕೆ ಯೋಚನೆ ಮಾಡಿದಾಗ ಅನ್ನಿಸಿದ್ದು: ಅಜ್ಜಿಯ ಪ್ರಶ್ನೆಯಲ್ಲೂ ಒಂದು ಎಡವಟ್ಟಿದೆ. ತಪ್ಪು ಮಾಡಿದ್ರೆ ಮಾತ್ರ ಇಳಿಸಬೇಕು ಅಂದ್ರೆ ಆ ಕುರ್ಚಿ ಸರ್ಕಾರಿ ನೌಕರಿ ಆಯ್ತು, ನಿವೃತ್ತಿ ವಯಸ್ಸೂ ಇಲ್ಲದ ನೌಕರಿ. ಕೆಳಮನೆಗೆ ಎರಡೇ ವರ್ಷದ ಅವಧಿ ಇಟ್ಟಿರೋದು ಪದೇ ಪದೇ ಜನರ ಮುಂದೆ ಬಂದು ನಿಲ್ಲಲಿ ಅಂತ. ಖನ್ನಾಗೂ ತಾಳ್ಮೆ ಇತ್ತು. 2004ರಲ್ಲಿ, ಇಪ್ಪತ್ತೇಳನೇ ವಯಸ್ಸಿಗೆ, ಇರಾಕ್ ಯುದ್ಧವನ್ನ ಬೆಂಬಲಿಸಿದ್ದ ಟಾಮ್ ಲಾಂಟೋಸ್ ವಿರುದ್ಧ ನಿಂತು ಹೀನಾಯವಾಗಿ ಸೋತಿದ್ದರು. ಲಾಂಟೋಸ್ ಅಂದ್ರೆ ಹಿಟ್ಲರನ ಹತ್ಯಾಕಾಂಡದಿಂದ ಬದುಕಿ ಬಂದು ಕಾಂಗ್ರೆಸ್ ಸೇರಿದ ಒಬ್ಬನೇ ಮನುಷ್ಯ. ಈ ಖನ್ನಾ ಆರಿಸ್ಕೊಳ್ಳೋ ಎದುರಾಳಿಗಳನ್ನ ನೋಡಿ! ಓದುವ ದಿನಗಳಲ್ಲಿ, 1996ರಲ್ಲಿ, ಒಬಾಮಾ ಅವರ ಮೊದಲ ಚುನಾವಣೆಗೆ ಶಿಕಾಗೋದಲ್ಲಿ ಮನೆ ಮನೆ ಸುತ್ತಿದ್ದವರು ಖನ್ನಾ. ಆದರೆ ಅದೇ ಒಬಾಮಾ 2014ರಲ್ಲಿ ಬೆಂಬಲ ಕೊಟ್ಟದ್ದು ಹೋಂಡಾಗೆ. ಬೇರೆಯವರಾಗಿದ್ರೆ ಅಷ್ಟಕ್ಕೇ ವಕೀಲಿಕೆ ಮಾಡ್ಕೊಂಡು ಇರ್ತಿದ್ದರು.

2016ರಲ್ಲಿ ಮತ್ತೆ ನಿಂತರು. ಅಷ್ಟರಲ್ಲಿ ಹೋಂಡಾ ಅವರ ಕಚೇರಿ ಸರ್ಕಾರಿ ಕೆಲಸವನ್ನೂ ಪ್ರಚಾರವನ್ನೂ ಬೆರೆಸಿತ್ತು ಅನ್ನೋ ಆರೋಪದ ಮೇಲೆ ಎಥಿಕ್ಸ್ ಕಮಿಟಿಯ ವಿಚಾರಣೆ ನಡೀತಿತ್ತು. ಅಜ್ಜಿಯ ಪ್ರಶ್ನೆಗೆ ಕೊನೆಗೂ ಒಂದು ಉತ್ತರ ಸಿಕ್ಕಿತ್ತು ಅನ್ನಬಹುದು, ಆದ್ರೆ ಅದನ್ನ ಹಿಡ್ಕೊಂಡು ಅವರ ಮನೆಗೆ ಹೋಗಬೇಕು ಅಂತ ನನಗೆ ಅನ್ನಿಸಲೇ ಇಲ್ಲ. ಖನ್ನಾ ಶೇ. 61 ಪಡೆದು ಗೆದ್ದರು. ಅದೇ ರಾತ್ರಿ ಟ್ರಂಪ್ ಗೆದ್ದಿದ್ದರಿಂದ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಯಾರೂ ಅದರ ಬಗ್ಗೆ ಮಾತೇ ಆಡಲಿಲ್ಲ. ಎಲ್ಲರದೂ ಒಂದೇ ಪ್ರಶ್ನೆ, ವೀಸಾ ಕಥೆ ಏನು ಅಂತ. ನನಗೆ ಯಾಕೋ ಅಮಾಚಿ ಕ್ಯಾಂಪ್ ನೆನಪಾಯ್ತು.

2018ರ ಜೂನ್‌ನಲ್ಲಿ, ನ್ಯೂಯಾರ್ಕ್‌ನಲ್ಲಿ ಅಲೆಕ್ಸಾಂಡ್ರಿಯಾ ಒಕಾಸಿಯೋ-ಕೋರ್ಟೆಜ್ ಅನ್ನೋ ಇಪ್ಪತ್ತೆಂಟರ ಹುಡುಗಿ, ಕೆಲ ತಿಂಗಳ ಹಿಂದಿನ ತನಕ ಬಾರ್‌ನಲ್ಲಿ ಕೆಲಸ ಮಾಡ್ತಿದ್ದವಳು, ಜೋ ಕ್ರೌಲಿಯಂಥ ಘಟಾನುಘಟಿಯನ್ನ ಪ್ರೈಮರಿಯಲ್ಲಿ ಕೆಡವಿದಳು. ಅದರಲ್ಲಿ ಖನ್ನಾ ಯಾರ ಕಡೆ ಇದ್ದರು ಗೊತ್ತಾ? ಮೊದಲು ಕ್ರೌಲಿಗೆ ಬೆಂಬಲ ಕೊಟ್ಟರು. ಆಮೇಲೆ, ಚುನಾವಣೆ ಹತ್ತಿರ ಬಂದಾಗ, ಆಕೆಗೂ ಕೊಟ್ಟರು. ಇಬ್ಬರಿಗೂ!

ಅಪ್ಪನಿಗೆ ಹೇಳಿದೆ.

"ಎರಡು ದೋಣಿ ಮೇಲೆ ಕಾಲಿಡೋರು ಅಲ್ಲೂ ಇದಾರೆ ಅನ್ನು" ಅಂದರು. ಆಮೇಲೆ, "ನಿಂದು ಗ್ರೀನ್ ಕಾರ್ಡ್ ಏನಾಯ್ತು? ನಿಮ್ಮೋನೇ ಇದಾನಲ್ಲ ಈಗ."

ಕ್ಯೂನಲ್ಲಿದೆ ಅಪ್ಪ, ಅಂದೆ.